ಸರೋಜಕ್ಕನ ಹೊರಗಿನ ಮೆಟ್ಟಿಲು

ಸರೋಜಕ್ಕ ಬಾಯಿಂದ ಗುಂಡುಸೂಜಿ ತೆಗೆದರೆಂದರೆ ಎದುರಿಗಿದ್ದವರು ಹುಷಾರಾಗಬೇಕಿತ್ತು. ಸೂಜಿ ಕಚ್ಚಿಕೊಂಡೇ ಅವರು ನಗುತ್ತಿದ್ದರು, ಅಳತೆ ಹೇಳುತ್ತಿದ್ದರು, ಬೀದಿಯ ಸುದ್ದಿಯನ್ನೆಲ್ಲ ವಿಚಾರಿಸುತ್ತಿದ್ದರು. ಜಗಳಕ್ಕೆ ಮಾತ್ರ ಸೂಜಿಗಳು ಹೊರಗೆ ಬರುತ್ತಿದ್ದವು. ಒಂದೊಂದನ್ನೇ ಸೆರಗಿಗೆ ಚುಚ್ಚಿಕೊಂಡು, ಆಮೇಲೆ ಬಾಯಿ ಬಿಡುತ್ತಿದ್ದರು.

ಇಟ್ಟಮಡುವಿನ ಆ ಎರಡಂತಸ್ತಿನ ಹಳೇ ಮನೆಗೆ ನನ್ನನ್ನು ಕರೆಸಿದ್ದು ಅವರಲ್ಲ, ಕೆಳಗಡೆ ಇದ್ದ ಅವರ ಮೈದುನ ನಾಗರಾಜು. ನಾನು ಗಾರೆ ಕೆಲಸದವನು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಮರಳು ಹೊತ್ತವನು. ಇವತ್ತು ನನ್ನ ಕೈಕೆಳಗೆ ಆಳುಗಳಿದ್ದಾರೆ, ನಾನು ಹಾಕಿಸಿದ ತಾರಸಿ ಮೋಲ್ಡು ಒಂದೂ ಸೋರಿಲ್ಲ. ನಾಗರಾಜು ಹೊಸದಾಗಿ ಕಾರು ತೆಗೆದುಕೊಂಡಿದ್ದರು. ಮನೆ ರಿಪೇರಿಯ ಜೊತೆಗೆ ಹೊರಗಿನ ಮೆಟ್ಟಿಲನ್ನೂ ಒಡೆದು ಅಲ್ಲಿ ಕಾರು ನಿಲ್ಲಿಸಬೇಕು, ಮೇಲಕ್ಕೆ ಹೋಗಲು ತಮ್ಮ ನಡುಮನೆಯೊಳಗಿಂದ ಮೆಟ್ಟಿಲು ಕಟ್ಟಬೇಕು ಅನ್ನುವುದು ಅವರ ಯೋಚನೆ. ಮೇಲಿನ ಮನೆ, ಗಂಡ ತೀರಿಕೊಂಡ ಮೇಲೆ ಸರೋಜಕ್ಕನ ಪಾಲಿಗೆ ಬಂದದ್ದು. ಅಲ್ಲೇ ವಾಸ, ಅಲ್ಲೇ ಟೈಲರಿಂಗ್.

ನಾನು ಅಳತೆಗೆಂದು ಹೋದ ದಿನ ಅವರು ಕೈಯಲ್ಲಿ ತಿರುಗಿಸುವ ಹೊಲಿಗೆ ಮೆಷಿನ್ನನ್ನು ಮೆಟ್ಟಿಲ ತಿರುವಿಗೇ ಇಳಿಸಿಕೊಂಡು ಕೂತಿದ್ದರು.

"ಅಕ್ಕ, ಒಂಚೂರು ಎದ್ರೆ ಅಳತೆ ತಗೋತೀನಿ."

"ತಗೋ ಮೇಸ್ತ್ರಿ, ಬೇಡ ಅಂದೋರ್ಯಾರು? ಈ ಬ್ಲೌಸ್ ಒಂದು ಮುಗೀಲಿ."

ವರಮಹಾಲಕ್ಷ್ಮಿ ಹಬ್ಬ ಹತ್ತಿರವಿದ್ದಾಗ ಟೈಲರ್ ಹತ್ತಿರ ಬ್ಲೌಸ್ ಮುಗಿಯುವುದುಂಟೇ? ಒಂದು ಎತ್ತಿಟ್ಟರೆ ಇನ್ನೊಂದು. ಮೆಟ್ಟಿಲುದ್ದಕ್ಕೂ ಹೆಂಗಸರು ಕೂತಿದ್ದರು. ಒಬ್ಬಾಕೆ "ಅಂಕಲ್, ಸ್ವಲ್ಪ ಹಿಡ್ಕೊಳ್ಳಿ" ಎಂದು ತನ್ನ ಸೊಪ್ಪಿನ ಚೀಲವನ್ನು ನನ್ನ ಕೈಗೇ ಕೊಟ್ಟಳು. ಸುತ್ತಿಗೆ ಹಿಡಿಯುವ ಕೈಯಲ್ಲಿ ದಂಟಿನ ಸೊಪ್ಪು ಹಿಡಿದು ನಿಂತೆ.

ನಾಗರಾಜು ಹೊರಗೆ ಬಂದರು. "ಅತ್ತಿಗೆ, ಒಳಗಿಂದ ಓಡಾಡೋಕೆ ನಿಮಗೇನ್ ಕಷ್ಟ? ಮನೆ ನಿಮ್ದೇ ಅಲ್ವಾ?"

ಸೂಜಿಗಳು ಹೊರಗೆ ಬಂದವು.

"ನಂದೇ ಕಣಪ್ಪ. ಮುಂಬಾಗ್ಲು ಚಿಲಕ ಯಾರ ಕೈಲಿರತ್ತೆ?"

"ರಾತ್ರಿ ಒಂಬತ್ತಕ್ಕೆ ಹಾಕ್ತೀವಿ. ಅಷ್ಟರೊಳಗೆ ಬಂದ್ರಾಯ್ತು."

"ನೋಡ್ದ್ಯಾ? ನನ್ ಮನೆಗೆ ಹೋಗೋಕೆ ನಿನ್ ಕದ ತಟ್ಬೇಕು. ನನ್ ಗಿರಾಕಿಗಳು ನಿನ್ ಟಿವಿ ಮುಂದೆ ಹಾದು ಬರ್ಬೇಕು. ನಾಲ್ಕು ದಿನ ಬಂದಾರು, ಆಮೇಲೆ ಬೇರೆ ಟೈಲರ್ ನೋಡ್ಕೋತಾರೆ. ನಾನು ನಿನ್ ಅಡುಗೆಮನೇಲಿ ಬೀನ್ಸ್ ಸೋಸ್ಕೊಂಡು ಕೂತ್ಕೋಬೇಕು. ಆಗಲ್ಲ." ಹಾಗೇ ನನ್ನ ಕಡೆ ತಿರುಗಿದರು. "ನಿಂಗೂ ಹೇಳ್ತೀನಿ ಮೇಸ್ತ್ರಿ. ಒಳಗೆ ಮೆಟ್ಟಿಲು ಅಂದ್ರೆ ಮೋಲ್ಡ್ ಕೊರೀಬೇಕು. ಕೆಳಗಿಂದ ನೋಡಿದ್ರೆ ಅದು ಅವನ ಸೂರು, ಮೇಲಿಂದ ನನ್ ನೆಲ. ನೀನು ಎಲ್ಲಿ ತೂತು ಹೊಡೀತೀಯೋ ಅಲ್ಲೇ ಮೆಷಿನ್ ಹಾಕ್ಕೊಂಡು ಕೂತಿರ್ತೀನಿ."

ನಾನು ಟೇಪು ಸುತ್ತಿಕೊಂಡೆ. "ಅಕ್ಕ ಒಪ್ಪದೆ ನಾನು ಸುತ್ತಿಗೆ ಎತ್ತಲ್ಲ ಸಾರ್."

"ಓದು ಬರಹ ಇಲ್ದೋರ ಹತ್ರ ಮಾತಾಡಿದ್ದೇ ತಪ್ಪು," ಅಂದರು ನಾಗರಾಜು.

"ಓದಿದ್ದಿದ್ರೂ ಇದನ್ನೇ ಹೇಳ್ತಿದ್ದೆ," ಅಂದು ಸೊಪ್ಪಿನ ಚೀಲ ವಾಪಸ್ಸು ಕೊಟ್ಟು ಬಂದೆ.

ಕೆಲವು ದಿನ ಕಳೆದು ಒಂದು ಸಂಜೆ ಸರೋಜಕ್ಕನ ಫೋನು ಬಂತು. "ಮೇಸ್ತ್ರಿ, ಏಣಿ ಇದ್ರೆ ತಗೊಂಡ್ ಬಾ. ಮನೆಗೆ ಹೋಗ್ಬೇಕು." ಅಳುವ ದನಿಯಲ್ಲ. ಲೈನಿಂಗ್ ಬಟ್ಟೆ ತರಲು ಚಿಕ್ಕಪೇಟೆಗೆ ಹೋಗಿ ಬರುವಷ್ಟರಲ್ಲಿ ನಾಗರಾಜು ಬೇರೆಯವರನ್ನು ಕರೆಸಿ, ಕಾಂಕ್ರೀಟ್ ಒಡೆಯುವ ಮೆಷಿನ್ ಹಚ್ಚಿ ಮೆಟ್ಟಿಲು ಒಡೆಸಿಬಿಟ್ಟಿದ್ದರು.

"ಒಳಗಿನ ಮೆಟ್ಟಿಲು ಆಗೋವರೆಗೂ ಕೆಳಗೇ ಇರಿ ಅತ್ತಿಗೆ," ಎನ್ನುತ್ತಿದ್ದರು ನಾಗರಾಜು. ಸರೋಜಕ್ಕ ಸೀರೆ ಎತ್ತಿ ಸಿಕ್ಕಿಸಿ, ಬಟ್ಟೆಯ ಗಂಟನ್ನು ಹೆಗಲಿಗೇರಿಸಿ, ಹಿಂದಕ್ಕೆ ನೋಡದೆ ನನ್ನ ಏಣಿ ಹತ್ತಿದರು.

ಗಿರಾಕಿಗಳು ಏಣಿ ಹತ್ತುವಂತಿರಲಿಲ್ಲ; ಮರುದಿನದಿಂದ ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಯತೊಡಗಿತು. ಬಟ್ಟೆಯೂ ಅಳತೆಯ ರವಿಕೆಯೂ ಹತ್ತುತ್ತಿದ್ದವು, ಹೊಲಿದದ್ದು ಇಳಿಯುತ್ತಿತ್ತು. ಮೆಟ್ಟಿಲು ಒಡೆದು ಖಾಲಿ ಮಾಡಿದ ಜಾಗದಲ್ಲಿ ಬುಟ್ಟಿಗೆ ಕಾಯುವ ಹೆಂಗಸರ ಗುಂಪು. ನಾಗರಾಜು ಹಾರ್ನ್ ಒತ್ತಿದರೆ, "ಒಂದ್ನಿಮಿಷ ಅಣ್ಣ, ಅಕ್ಕ ಹುಕ್ ಹಾಕ್ತಿದಾರೆ" ಅನ್ನುತ್ತಿದ್ದರು. ಹಬ್ಬ ಮುಗಿಯುವವರೆಗೂ ಕಾರು ಬೀದಿಯಲ್ಲೇ ನಿಂತಿತು. ಬೀದಿಗೆ ಬೀದಿಯೇ ನಕ್ಕಿತು.

ಅಕ್ಕ ನೆಲ ಬಿಟ್ಟೇಳದ್ದರಿಂದ ಒಳಗಿನ ಮೆಟ್ಟಿಲೂ ಆಗಲಿಲ್ಲ. ಕೊನೆಗೆ ನಾಗರಾಜು ಅವರೇ "ಏನಾದ್ರೂ ಮಾಡ್ರೀ" ಎಂದು ಫೋನ್ ಮಾಡಿದರು. ಎಲ್ಲಿ, ಹೇಗೆ ಎಂದು ನಾನು ಕೇಳಿದ್ದು ಅಕ್ಕನನ್ನು. "ಎಲ್ಲಿತ್ತೋ ಅಲ್ಲೇ," ಅಂದರು. ಅಲ್ಲೇ ಕಬ್ಬಿಣದ ಮೆಟ್ಟಿಲು ನಿಲ್ಲಿಸಿದೆ. ಯಾರು ಹತ್ತಿದರೂ ದಢದಢ ಸದ್ದು. ಕೆಲವು ವರ್ಷಗಳ ಮೇಲೆ, ಬಣ್ಣ ಮಾಸಿದ ಕಡೆ ನೋಡಿಬರಲು ಹೋದಾಗ ಅಕ್ಕ ಹೇಳಿದ್ದೇ ನನ್ನ ಜೊತೆ ಅವರಾಡಿದ ಕೊನೆಯ ಮಾತು: "ಕಬ್ಬಿಣ ಒಳ್ಳೇದಾಯ್ತು ಮೇಸ್ತ್ರಿ. ಯಾರು ಬರ್ತಿದಾರೆ ಅಂತ ಮೆಷಿನ್ ನಿಲ್ಲಿಸ್ದೇನೇ ಗೊತ್ತಾಗುತ್ತೆ." ಬಾಯಲ್ಲಿ ಸೂಜಿಗಳು ಇದ್ದವು.

ಅವರು ತೀರಿಕೊಂಡ ಮೇಲೆ ನಾಗರಾಜು ಮತ್ತೆ ಕರೆಸಿದರು. ಮಗನಿಗೆ ಮದುವೆಯಾಗಿತ್ತು, ಮೇಲಿನ ಮನೆ ಮಗ ಸೊಸೆಗೆ. "ಈಗ ಅಡ್ಡ ಬರೋರು ಯಾರೂ ಇಲ್ಲ. ಕಬ್ಬಿಣ ತೆಗೆದು ಒಳಗೇ ಮಾಡಿಬಿಡಿ." ಸೊಸೆ ಮೊದಲ ಮೆಟ್ಟಿಲ ಮೇಲೆ ನಿಂತಿದ್ದಳು, ಕೈಯಲ್ಲಿ ಮೇಲಿನ ಮನೆಯ ಬೀಗದ ಕೈ.

"ನಿಮಗೆ ಎಲ್ಲಿರ್ಬೇಕಮ್ಮ?" ಅಂದೆ.

"ಅವಳನ್ನೇನ್ ಕೇಳ್ತೀರಿ?"

"ಓಡಾಡೋರು ಅವರು ಸಾರ್."

ಹುಡುಗಿ ಮಾವನ ಮುಖ ನೋಡಿದಳು, ಕೈಯಲ್ಲಿದ್ದ ಬೀಗದ ಕೈ ನೋಡಿದಳು. "ಹೊರಗೇ ಇರ್ಲಿ ಅಂಕಲ್," ಅಂದಳು.

ತುಕ್ಕು ಉಜ್ಜಿಸಿ ಬಣ್ಣ ಹೊಡೆಸಿದೆ, ಅಷ್ಟೇ. ಬಣ್ಣ ಒಣಗಿದ ಮೇಲೆ ಅವಳು ದಢದಢ ಹತ್ತಿ ಹೋದಳು. ಯಾರು ಬಂದರೆಂದು ಮೆಷಿನ್ ನಿಲ್ಲಿಸದೆ ತಿಳಿಯುವವರು ಮೇಲೆ ಇರಲಿಲ್ಲ. ಮೆಟ್ಟಿಲು ಮಾತ್ರ ಎಲ್ಲಿತ್ತೋ ಅಲ್ಲೇ ಇದೆ.