ತೊಳೆಯಬೇಡ ಎಂದವಳು ನಾನೇ

ನನ್ನ ಗಂಡ ಮಲ್ಲಂದೂರಿನ ಹತ್ತಿರದ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರು. ಕೊಯ್ಲಿನ ಕಾಲದಲ್ಲಿ ನಮ್ಮ ಕ್ವಾರ್ಟರ್ಸಿನ ಮುಂದಿನ ಕಣದ ತುಂಬ ಕಾಫಿ ಒಣಗುತ್ತಿರುತ್ತದೆ. ಅಂಚಿನಲ್ಲಿ ಖಾಲಿ ಗೋಣಿಚೀಲಗಳ ರಾಶಿ. ಆರು ವರ್ಷದ ನನ್ನ ಮಗಳೂ ಕೆಲಸಗಾರರ ಸಾಲುಮನೆಗಳ ಲೈನಿನಲ್ಲಿದ್ದ ಅವಳ ಗೆಳತಿಯೂ ಆ ಚೀಲಗಳೊಳಗೆ ನುಸುಳಿ ಮನೆಯಾಟ ಆಡುತ್ತಿದ್ದರು. ಗೋಣಿಯ ನಾರು ಚುಚ್ಚಿದರೆ ಮೈ ಪರಪರ ಕೆರೆದುಕೊಂಡು ಮತ್ತೆ ಒಳಗೆ ನುಗ್ಗುವುದು. ಕಾಫಿ ತುಳಿಯುತ್ತಾರೆಂದು ಗದರುತ್ತಿದ್ದೆನೇ ಹೊರತು ಅವರ ಚರ್ಮದ ಯೋಚನೆ ನನಗಿರಲಿಲ್ಲ.

ಒಂದು ಸಂಜೆ ಸ್ನಾನ ಮಾಡಿಸುವಾಗ ಮಗಳ ಸೊಂಟದಲ್ಲಿ ನೀರುಗುಳ್ಳೆಗಳ ಸಾಲು ಕಂಡಿತು. ಸರ್ಪಸುತ್ತು ಸೊಂಟ ಬಳಸಿ ಎರಡು ತುದಿ ಕೂಡಿದರೆ ಜೀವ ಉಳಿಯದು ಎಂದು ಕೇಳಿಕೊಂಡೇ ಬೆಳೆದವಳು ನಾನು. ಡಿಗ್ರಿ ಓದಿದ್ದೇನೆ, ಆದರೂ ಆ ಹೊತ್ತಿಗೆ ನೆನಪಾದದ್ದು ಅಜ್ಜಿ ಕೆಮ್ಮಣ್ಣು ಕಲಸಿ ಹಚ್ಚುತ್ತಿದ್ದದ್ದು. ನಾನೂ ಹಾಗೇ ಕಲಸಿ ಮಗಳಿಗೆ ಹಚ್ಚಿದೆ. ಹಚ್ಚಿದ ಮೇಲೆ ನೀರು ಸೋಕಬಾರದು. ಮರುದಿನ ಗೆಳತಿಯ ಬೆನ್ನಲ್ಲೂ ಅದೇ ಗುಳ್ಳೆ. ಅವಳ ತಾಯಿಯನ್ನು ಕರೆಸಿ, ಅದೇ ಬಟ್ಟಲಿನ ಮಣ್ಣನ್ನು ಅದೇ ಬೆರಳಿನಿಂದ ಆ ಮಗುವಿಗೂ ಹಚ್ಚಿದೆ. ತಾನಾಗಿ ಉದುರುವ ತನಕ ತೊಳೆಯಲೇಬೇಡ ಎಂದು ಎರಡೆರಡು ಸಲ ಹೇಳಿ ಕಳಿಸಿದೆ. ಇನ್ನೊಬ್ಬರಿಗೆ ಬುದ್ಧಿ ಹೇಳುವುದರಲ್ಲಿ ನಾನು ಯಾವತ್ತೂ ಹಿಂದೆ ಬಿದ್ದವಳಲ್ಲ.

ಮೂರನೆಯ ದಿನ ನನ್ನ ಮಗಳ ಗುಳ್ಳೆಗಳು ಒಡೆದು ಹಳದಿ ಹಕ್ಕಳೆ ಕಟ್ಟಿದವು. ಮೂಗಿನ ಕೆಳಗೂ ಎದ್ದವು. ಸೊಂಟ ಸುತ್ತುವ ಸರ್ಪ ಮೂಗಿಗೆ ಹಾರುತ್ತದೆಯೇ ಎಂದು ಗಂಡ ರೇಗಿದರು. ಚಿಕ್ಕಮಗಳೂರಿಗೆ ಓಡಿದೆವು. ಇದು ಸರ್ಪಸುತ್ತಲ್ಲ, ಆಟದಲ್ಲಿ ಮಗುವಿಂದ ಮಗುವಿಗೆ ಅಂಟುವ ಕೀವುಗುಳ್ಳೆ ಎಂದರು ಡಾಕ್ಟರಮ್ಮ. ದಿನಾ ಸೋಪು ಹಾಕಿ ತೊಳೆಯಬೇಕು, ಟವೆಲು ಬೇರೆ ಇಡಬೇಕು, ಉಗುರು ಕತ್ತರಿಸಬೇಕು. ಜೊತೆಗೆ ಆಡುವ ಮಕ್ಕಳಿಗೂ ಇದ್ದರೆ ಕೂಡಲೇ ಕರೆತನ್ನಿ ಎಂದರು. ತಲೆಯಾಡಿಸಿದೆ.

ವಾರದಲ್ಲಿ ಮಗಳಿಗೆ ವಾಸಿಯಾಯಿತು. ಲೈನಿಗೆ ಹೋಗಿ ಹೇಳಬೇಕಿತ್ತು. ಹೇಳಿದರೆ ನನ್ನ ಮಾತು ಸುಳ್ಳಾಗುತ್ತದಲ್ಲ. ಇವತ್ತು, ನಾಳೆ ಎಂದು ದಿನ ತಳ್ಳಿದೆ. ಮಗಳನ್ನು ಮಾತ್ರ ಆ ಕಡೆ ಬಿಡಲಿಲ್ಲ.

ಮತ್ತೆರಡು ವಾರ ಕಳೆದಿರಬೇಕು. ಬೆಳಿಗ್ಗೆ ಆ ತಾಯಿ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಮಗುವಿನ ಮುಖ ಊದಿ ಕಣ್ಣು ಮುಚ್ಚಿಹೋಗಿದ್ದವು. ಉಚ್ಚೆ ಹಾಲು ಹಾಕದ ಕಾಫಿಯ ಹಾಗೆ ಹೋಗುತ್ತಿದೆ ಎಂದಳು. ಬೆನ್ನ ಮೇಲೆ ಹೊಸ ಹುಣ್ಣು, ಹಳೆ ಹುಣ್ಣು, ಅವುಗಳ ನಡುವೆ ಕೆಮ್ಮಣ್ಣು ಇನ್ನೂ ಅಂಟಿಕೊಂಡೇ ಇತ್ತು.

"ನೀವು ಹೇಳಿದ್ರಲ್ಲಮ್ಮ, ಒಂದು ಹನಿ ನೀರೂ ಸೋಕ್ಸಿಲ್ಲ ನಾನು."

ಎಸ್ಟೇಟಿನ ಜೀಪಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೊರಟೆ. ಪ್ರತಿ ತಿರುವಿನಲ್ಲೂ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಗುಳ್ಳೆಯ ಸೋಂಕಿನಿಂದ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದರು ಆಸ್ಪತ್ರೆಯಲ್ಲಿ. ಇಷ್ಟು ದಿನ ಹೀಗೇ ಬಿಟ್ಟಿದ್ದೀಯಲ್ಲ, ನೀನು ತಾಯಿಯಾ ಎಂದು ಅವಳನ್ನು ಬೈದರು. ಅವಳು ತಲೆ ತಗ್ಗಿಸಿ ನಿಂತಳು. ಪಕ್ಕದಲ್ಲೇ ಇದ್ದ ನಾನು ಬಾಯಿ ಬಿಡಲಿಲ್ಲ.

ಮೂತ್ರ ತಿಳಿಯಾಗುವವರೆಗೆ ನನಗೆ ಅನ್ನ ಇಳಿಯಲಿಲ್ಲ. ಮಗು ಉಳಿಯಿತು. ಆದರೆ ಈಗಲೂ ಕೆಲವು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಬೇಕು. ರಿಪೋರ್ಟು ಕೈಗೆ ಬರುವ ತನಕ ಲ್ಯಾಬಿನ ಬಾಗಿಲು ಬಿಟ್ಟು ನಾನು ಕದಲುವುದಿಲ್ಲ.

ಮೊನ್ನೆಯೂ ಮೂವರೂ ಹೋಗಿದ್ದೆವು. ಬಸ್ ಸ್ಟ್ಯಾಂಡಿನಲ್ಲಿ ಆ ತಾಯಿ ಪಕ್ಕ ಕೂತವಳಿಗೆ ನನ್ನನ್ನು ತೋರಿಸಿ ಹೇಳಿದಳು.

"ಈ ಅಮ್ಮ ಇಲ್ದಿದ್ರೆ ನನ್ನ ಮಗಳು ಉಳೀತಿರ್ಲಿಲ್ಲ."

ಬಸ್ಸು ಬಂತು. ಮಗುವಿನ ಕೈ ಹಿಡಿದು ಹತ್ತಿದೆ. ಡಾಕ್ಟರಮ್ಮ ಅಂದು ಹೇಳಿದ್ದನ್ನು ಆ ತಾಯಿಗೆ ನಾನಿನ್ನೂ ಹೇಳಿಲ್ಲ.