ಮೂರು ಕಚ್ಚಿನ ಗ್ಯಾಸ್ಕೆಟ್

ಸೂಲಿಬೆಲೆಯ ಸಿದ್ದರಾಜು ತೀರಿಕೊಂಡ ಮೇಲೆ ಅವನ ಶೆಡ್ಡಿನ ಮುಂದೆ ಹಾದುಹೋಗುವುದು ಅವನನ್ನು ಬಲ್ಲವರಿಗೆ ಕಷ್ಟವಾಗಿದೆ. ಅವನ ಕೈಗುಣದ ಬಗ್ಗೆ ಊರವರು ಆಡುವ ಮಾತೆಲ್ಲ ನಿಜವೇ. ಆದರೆ ಅವನನ್ನು ಒಳಗಿಂದೊಳಗೆ ತಿಂದದ್ದು ಒಂದೇ ಒಂದು ಕಾರಿನ ಕೆಲಸ. ಅದನ್ನವನು ಒಮ್ಮೆಯೂ ಪೂರ್ತಿ ಹೇಳಲಿಲ್ಲ. ಸಿಕ್ಕಾಗ ಸಿಕ್ಕಷ್ಟು ಹೇಳಿದ್ದನ್ನು ಕೂಡಿಸಿದರೆ ಹೀಗಾಗುತ್ತದೆ.

ಗಾಡಿ ರಿಪೇರಿಯಲ್ಲಿ ಸಿದ್ದರಾಜು ಒಂದು ಪದ್ಧತಿ ಇಟ್ಟುಕೊಂಡಿದ್ದ. ಯಾವ ಭಾಗ ಬದಲಿಸಿದರೂ ಗಾಡಿಯ ಯಜಮಾನರನ್ನು ಕರೆದು, ಕಲ್ಲುಬೆಂಚಿನ ಮೇಲೆ ಹಳೆಯದನ್ನಿಟ್ಟು ಅದರ ಮೇಲೆ ಹೊಸದನ್ನಿಡುತ್ತಿದ್ದ. ತೂತಿಗೆ ತೂತು, ಅಂಚಿಗೆ ಅಂಚು ಕೂತದ್ದನ್ನು ಅವರೇ ಬೆರಳಿಟ್ಟು ನೋಡಬೇಕು, ಆಮೇಲೇ ಕೆಲಸ. ಬೇರೆ ಕಡೆ ಮೋಸಹೋಗಿ ಬಂದವರಿಗೆ ಇದು ಹಿಡಿಸಿತ್ತು. ಸುತ್ತಲ ಹಳ್ಳಿಗಳ ಗಾಡಿ ಅವನ ಶೆಡ್ಡಿಗೆ ಬರುತ್ತಿದ್ದುದೇ ಈ ಬೆಂಚಿನ ನಂಬಿಕೆಯ ಮೇಲೆ.

ದೇವನಹಳ್ಳಿ ಬಳಿಯ ಚನ್ನರಾಯಪಟ್ಟಣದ ಬೈರೇಶ್ ಅವನ ಜೊತೆ ಹೈಸ್ಕೂಲು ಓದಿದವನು. ಡೀಸೆಲ್ ಟ್ಯಾಕ್ಸಿ ಇಟ್ಟುಕೊಂಡು, ದೇವನಹಳ್ಳಿ ಕಡೆಯ ಕಂಪನಿಯೊಂದಕ್ಕೆ ಕೆಲಸದ ಹೆಣ್ಣುಮಕ್ಕಳನ್ನು ಬಿಟ್ಟು ಕರೆತರುತ್ತಿದ್ದ. ಒಂದು ಬೇಸಿಗೆಯಲ್ಲಿ ಗಾಡಿ ಕುದ್ದು ನಿಂತಿತು. ಸಿದ್ದರಾಜು ಬಿಚ್ಚಿ ನೋಡಿದರೆ, ಇಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ತಗಡು, ಅಂದರೆ ಹೆಡ್ ಗ್ಯಾಸ್ಕೆಟ್, ಒಂದು ಮಗ್ಗುಲಲ್ಲಿ ಸುಟ್ಟು ಕರಕಲಾಗಿತ್ತು. ಬ್ಲಾಕಿನ ಮೈಯೂ ಸೊಟ್ಟಗಾಗಿದ್ದರಿಂದ ಹೊಸಕೋಟೆಯ ಲೇತಿಗೆ ಕೊಟ್ಟು ಹೆರೆಸಿಕೊಂಡು ಬಂದ.

ಹೆರೆಸಿದ ಬ್ಲಾಕು ಕೂದಲೆಳೆಯಷ್ಟು ತಗ್ಗುತ್ತದೆ. ಒಳಗಿನ ಪಿಸ್ಟನ್ನು ಅಷ್ಟೇ ಮೇಲೆದ್ದು ನಿಲ್ಲುತ್ತದೆ. ಅದು ಹೋಗಿ ಹೆಡ್ಡಿಗೆ ತಾಕದಿರಲು ಗ್ಯಾಸ್ಕೆಟ್ಟು ಮೊದಲಿಗಿಂತ ದಪ್ಪವಿರಬೇಕು. ಈ ಇಂಜಿನ್ನಿನಲ್ಲಿ ದಪ್ಪ ಎಷ್ಟೆಂದು ಗ್ಯಾಸ್ಕೆಟ್ಟಿನ ಅಂಚಿನ ಕಚ್ಚುಗಳಿಂದಲೇ ತಿಳಿಯುತ್ತದೆ. ಕಚ್ಚು ಹೆಚ್ಚಿದಷ್ಟೂ ದಪ್ಪ. ಹಳೆಯದಕ್ಕೆ ಎರಡು ಕಚ್ಚಿದ್ದವು. ಸಿದ್ದರಾಜು ಅಂಥದ್ದೇ ಒಂದನ್ನು ಮೊದಲೇ ತಂದಿಟ್ಟಿದ್ದ. ಬ್ಲಾಕಿನ ಮೇಲೆ ಗೇಜು ಕೂರಿಸಿ ಅಳೆದಾಗ ಮೂರು ಕಚ್ಚಿನದು ಬೇಕೆಂದು ಗೊತ್ತಾಯಿತು. ಬೆಂಗಳೂರಿನ ಅಂಗಡಿಯವನು ಅದನ್ನು ಹೊರಗಿಂದ ತರಿಸಬೇಕು, ವಾರ ಹಿಡಿಯುತ್ತದೆ ಎಂದ.

ಅಷ್ಟರಲ್ಲಿ ಬೈರೇಶ್ ಬಂದು ಹಳೆಯದನ್ನೂ ಮೊದಲೇ ತಂದಿಟ್ಟಿದ್ದ ಎರಡು ಕಚ್ಚಿನದನ್ನೂ ತಾನೇ ಬೆಂಚಿನ ಮೇಲೆ ಜೋಡಿಸಿ ನೋಡಿದ. ಅಚ್ಚು ಹೊಡೆದಂತೆ ಕೂತಿತು. ಇನ್ನೂ ದಪ್ಪನೆಯದು ಬೇಕು ಎಂದು ಸಿದ್ದರಾಜು ಹೇಳಿದರೆ ಅವನು ಸುತ್ತ ನಿಂತವರ ಕಡೆ ತಿರುಗಿದ.

"ನೋಡ್ರಪ್ಪಾ, ಹಳೇದರಂಗೇ ಹೊಸದಿರ್ಬೇಕು ಅಂತ ಊರಿಗೆಲ್ಲ ಪಾಠ ಹೇಳೋನು ಇವ್ನು. ನನಗೊಬ್ಬನಿಗೆ ಬೇರೆ ಪಾಠ. ಲೇ ಗುರು, ಸೋಮವಾರ ಗಾಡಿ ಕಂಪನಿಗೆ ಹೋಗ್ಲಿಲ್ಲ ಅಂದ್ರೆ ಆ ಜಾಗದಲ್ಲಿ ಇನ್ನೊಬ್ಬನ ಗಾಡಿ ನಿಂತಿರ್ತದೆ ಕಣೋ."

ಎಲ್ಲರೂ ನಕ್ಕರು. ಸಿದ್ದರಾಜು ಗೇಜು ತಂದು ತೋರಿಸಬಹುದಿತ್ತು. ಆದರೆ ಹಾಗೆ ತೋರಿಸಿದರೆ ಹಳೆಯದಕ್ಕೆ ಹೊಂದಿದ್ದೆಲ್ಲ ಸರಿಯಲ್ಲ ಎಂದು ತನ್ನ ಬೆಂಚಿನ ಮುಂದೆ ತಾನೇ ಒಪ್ಪಿಕೊಂಡಂತಾಗುತ್ತಿತ್ತು. ಒಂದು ಕೂದಲೆಳೆ ತಾನೆ ಎಂದು ಮನಸ್ಸಿಗೆ ಸಮಾಧಾನ ಹೇಳಿ, ಎರಡು ಕಚ್ಚಿನದನ್ನೇ ಹಾಕಿ ಹೆಡ್ಡು ಬಿಗಿದ.

ಕೆಲವು ದಿನಗಳಲ್ಲೇ ಬೈರೇಶನ ಫೋನು ಬಂತು. ವೇಗ ಹಿಡಿದರೆ ಒಳಗೆ ಯಾರೋ ಉಗುರಲ್ಲಿ ತಟ್ಟಿದ ಹಾಗೆ ಸದ್ದಂತೆ. ಪಿಸ್ಟನ್ನು ಹೆಡ್ಡಿಗೆ ತಾಕುತ್ತಿದೆ ಎಂದು ಸಿದ್ದರಾಜುವಿಗೆ ಕೇಳಿದ ಕೂಡಲೇ ಗೊತ್ತಾಯಿತು. ಬಾಯಲ್ಲಿ ಬಂದದ್ದು ಮಾತ್ರ, ಡೀಸೆಲ್ ಕಲಬೆರಕೆ ಇರಬೇಕು, ಬಂಕ್ ಬದಲಾಯಿಸು ಅಂತ. ಸುಳ್ಳು ಅಷ್ಟು ಸಲೀಸಾಗಿ ಬಂದೀತೆಂದು ಅವನೇ ಎಣಿಸಿರಲಿಲ್ಲ. ಬೈರೇಶ್ ಅದನ್ನು ನಂಬಿ, ವರ್ಷಗಟ್ಟಲೆ ಪರಿಚಯವಿದ್ದ ಬಂಕಿನವನ ಜೊತೆ ಜಗಳವಾಡಿ ಮಾತು ಬಿಟ್ಟ. ನಮ್ ಸಿದ್ದರಾಜು ಫೋನಲ್ಲೇ ಕಲಬೆರಕೆ ಹಿಡಿದ ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. ಜನ ಶೆಡ್ಡಿಗೆ ಬಂದು ಹೊಗಳಿದಾಗ ಸಿದ್ದರಾಜು ಗಾಡಿಯ ಕೆಳಗೆ ನುಸುಳಿಕೊಂಡು ಮಲಗುತ್ತಿದ್ದ.

ಒಂದು ಸಂಜೆ ಸಿದ್ದರಾಜು ದೇವನಹಳ್ಳಿಯ ಹೈವೇ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಬೈರೇಶನ ಟ್ಯಾಕ್ಸಿ ಲಾರಿಗಳ ನಡುವೆ ನುಗ್ಗಿ ಹೋಯಿತು. ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗಿ ಗಾಜಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಆ ವೇಗದಲ್ಲಿ ಇಂಜಿನ್ ಒಡೆದು ನಿಂತರೆ ಹಿಂದಿನ ಲಾರಿ ನಿಲ್ಲುವುದಿಲ್ಲ.

ಮಾರನೆ ಬೆಳಿಗ್ಗೆ ಬೈರೇಶ್ ಗಾಡಿ ಹೊರಡಿಸುವ ಮೊದಲೇ ಸಿದ್ದರಾಜು ಅವನ ಮನೆ ಬಾಗಿಲಲ್ಲಿದ್ದ. ಬೈರೇಶನ ಹೆಂಡತಿ ಮಮತ ಕಾಫಿ ತಂದಳು. ಸಿದ್ದರಾಜು ಲೋಟ ಮುಟ್ಟಲಿಲ್ಲ.

"ಗಾಡಿ ತೆಗೀಬೇಡ ಕಣೋ. ಡೀಸೆಲ್ ಸರಿಯಾಗೇ ಐತೆ. ನಾನು ಹಾಕಿದ ಗ್ಯಾಸ್ಕೆಟ್ಟೇ ತಪ್ಪು. ಹಾಕುವಾಗ್ಲೇ ಗೊತ್ತಿತ್ತು ನಂಗೆ."

ಬೈರೇಶ್ ಕೈಯಲ್ಲಿದ್ದ ಗಾಡಿಯ ಕೀಲಿಯನ್ನು ಕೆಳಗಿಟ್ಟ.

"ನಾನು ಅವಸರ ಮಾಡ್ದೆ, ಸರಿ. ಆದ್ರೆ ಆಮೇಲೆ ಫೋನ್ ಮಾಡಿದ್ನಲ್ಲ ಸಿದ್ದ? ಆಗ ನಾನೇನು ಅವಸರ ಮಾಡ್ತಿರ್ಲಿಲ್ಲವಲ್ಲ?"

ಬೈರೇಶ್ ಕಂಪನಿಗೆ ಬೇರೆ ಗಾಡಿ ಹೊಂದಿಸಿ, ತನ್ನದನ್ನು ಕಟ್ಟಿ ಎಳೆಸಿಕೊಂಡು ದೇವನಹಳ್ಳಿಯ ಮುನೀಂದ್ರನ ಗ್ಯಾರೇಜಿಗೆ ಒಯ್ದ. ಮೂರು ಕಚ್ಚಿನದು ಬಂದ ದಿನ ಸಿದ್ದರಾಜು ಕರೆಯದಿದ್ದರೂ ಅಲ್ಲಿಗೆ ಹೋಗಿ ನಿಂತ. ಹೆಡ್ಡು ಎತ್ತಿದಾಗ ಒಂದು ಪಿಸ್ಟನ್ನಿನ ನೆತ್ತಿಯಲ್ಲಿ ಮಸಿಯ ನಡುವೆ ನಾಣ್ಯದಂತೆ ಹೊಳೆಯುವ ಗುರುತಿತ್ತು, ಹೆಡ್ಡಿಗೆ ತಾಕಿ ತಾಕಿ ಸವೆದದ್ದು. ಇದನ್ನು ಹಾಕಿದ ಪುಣ್ಯಾತ್ಮ ಯಾರು ಎಂದು ಮುನೀಂದ್ರ ಕೇಳಿದ. ನಾನೇ ಎಂದ ಸಿದ್ದರಾಜು. ಮುನೀಂದ್ರ ಮತ್ತೇನೂ ಕೇಳದೆ ಸ್ಪ್ಯಾನರ್ ಎತ್ತಿಕೊಂಡ. ಬೈದಿದ್ದರೆ ಚೆನ್ನಾಗಿತ್ತು ಎಂದು ಸಿದ್ದರಾಜು ಎಷ್ಟೋ ಸಲ ಹೇಳಿದ್ದುಂಟು.

ಸಂಜೆ ಕೆಲಸ ಮುಗಿದು ಬೈರೇಶ್ ಗಾಡಿ ತೆಗೆದ. ಸಿದ್ದರಾಜು ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತಿದ್ದಾಗ ಅದು ಪಕ್ಕದಲ್ಲಿ ಬಂದು ನಿಂತಿತು. ಬೈರೇಶ್ ಮುಂದಿನ ಬಾಗಿಲು ತೆಗೆಯಲಿಲ್ಲ. ತೋಳು ಚಾಚಿ ಹಿಂದಿನದನ್ನು ತೆಗೆದು, "ಹತ್ತು, ಸೂಲಿಬೆಲೆಗೆ ಬಿಡ್ತೀನಿ" ಎಂದ. ಸಿದ್ದರಾಜು ಹತ್ತಿ ಬಾಡಿಗೆ ಕೊಟ್ಟ ಪ್ರಯಾಣಿಕನ ಹಾಗೆ ಹಿಂದೆ ಕೂತ. ಹೈವೇಯಲ್ಲಿ ಗಾಡಿ ವೇಗ ಹಿಡಿಯಿತು. ಅವನು ಕಿವಿಗೊಟ್ಟು ಕೇಳಿದ. ತಟ್ಟುವ ಸದ್ದಿರಲಿಲ್ಲ.