ಊರಿನ ಇಮೇಲ್ ಕಸ ಗುಡಿಸುವ ಲಾವಣ್ಯ

ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರೇಷ್ಮೆಗೂಡಿನ ಚೀಲ ಇಟ್ಟುಕೊಂಡವರು ಶಿಡ್ಲಘಟ್ಟದ ಮೊದಲ ಬಸ್ಸಿಗೆ ಕಾಯುತ್ತಿದ್ದಾರೆ. ಎದುರಿನ ರೇಷ್ಮೆ ಬೆಳೆಗಾರರ ಸಂಘದ ಷಟರ್ ಎತ್ತಿ, ಅಲ್ಲಿನ ಗುಮಾಸ್ತೆ ಲಾವಣ್ಯ ಆಗಲೇ ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಲಾಟರಿ ಹೊಡೆದಿದೆ, ತಕ್ಷಣ ಸಾಲ ಬೇಕೇ, ಬೋಳುತಲೆಗೆ ಎಣ್ಣೆ, ವಧು ಸಿದ್ಧಳಿದ್ದಾಳೆ. ಬೆಳಗಾಗುವುದರೊಳಗೆ ಸಂಘದ ಇಮೇಲ್‌ಗೆ ಇನ್ನೂರಕ್ಕೂ ಹೆಚ್ಚು ಬಂದು ಬಿದ್ದಿವೆ. ಅವರು ಒಂದೊಂದನ್ನೂ ತೆರೆದು ಓದಿ, ಆಮೇಲೆ ಅಳಿಸುತ್ತಾರೆ.

ಇಷ್ಟೊಂದು ಕಸ ಊರಿನವರೇ ಕರೆಸಿಕೊಂಡದ್ದು. ಮೊಬೈಲ್ ಅಂಗಡಿಯವನಾಗಲಿ, ಯಾವುದೋ ಆಪ್ ಆಗಲಿ, ಇಮೇಲ್ ಕೇಳಿದರೆ ಇಲ್ಲಿ ಎಲ್ಲರೂ ಸಂಘದ್ದನ್ನೇ ಕೊಡುತ್ತಾರೆ. ಹಿಂದೆ ಊರಿಗೆಲ್ಲ ಒಂದೇ ಫೋನಿದ್ದಾಗ ಅದರ ನಂಬರನ್ನೇ ಎಲ್ಲರೂ ಕೊಡುತ್ತಿದ್ದರಲ್ಲ, ಆ ರೂಢಿ ಇನ್ನೂ ಬಿಟ್ಟಿಲ್ಲ. "ನಮ್ಗ್ಯಾಕಮ್ಮ ಬೇರೆ, ಸಂಘದ್ದು ಐತಲ್ಲ" ಅನ್ನುತ್ತಾರೆ ಸದಸ್ಯೆ ಮುನಿಶಾಮಮ್ಮ, ನ್ಯಾಯವಾಗಿಯೇ.

ಹೋದ ವರ್ಷ ಕಾರ್ಯದರ್ಶಿ ಮೋಹನ್‌ಬಾಬು ರೇಗಿದರು. ಕೆಲಸದ ಪತ್ರಗಳೇ ಕಣ್ಣಿಗೆ ಬೀಳುತ್ತಿಲ್ಲ, ಕಸ ಕಡಿಮೆಯಾಗಲೇಬೇಕು ಅಂದರು. ಲಾವಣ್ಯ ಸೆಟಿಂಗ್ ಬಿಗಿ ಮಾಡಿದರು. ಗೊತ್ತಿಲ್ಲದ ವಿಳಾಸದಿಂದ ಬಂದದ್ದೆಲ್ಲ ನೇರ ಸ್ಪ್ಯಾಮ್‌ಗೆ. ಸಂಜೆ ಅಂಗಳ ಗುಡಿಸಿದ ಹಾಗೆ ಅದನ್ನೂ ಖಾಲಿ ಮಾಡುತ್ತಿದ್ದರು. ಕಚೇರಿಗೆಲ್ಲ ಖುಷಿ, ಮೋಹನ್‌ಬಾಬು ಬಾದಾಮಿ ಹಾಲು ತರಿಸಿದರಂತೆ.

ಅದೇ ದಿನಗಳಲ್ಲಿ ಶಿರೀಷಾಳ ಸೀಟು ಹೋಯಿತು. ಸಂಘದ ಸದಸ್ಯ ವೆಂಕಟರವಣಪ್ಪನವರ ಈ ಮಗಳು ನರ್ಸಿಂಗ್‌ಗೆ ಅರ್ಜಿ ಹಾಕಿದ್ದಳು, ಕೊಟ್ಟದ್ದು ಸಂಘದ ಇಮೇಲ್. ಸೀಟು ಸಿಕ್ಕಿದೆ, ಒಪ್ಪಿಗೆ ತಿಳಿಸಿ ಎಂದು ಕಾಲೇಜು ಬರೆದದ್ದು ಸ್ಪ್ಯಾಮ್‌ಗೆ ಬಿದ್ದು, ಕಸದ ಜೊತೆಗೇ ಹೋಯಿತು. ಅಪ್ಪ ಹೋಗಿ ವಿಚಾರಿಸುವ ಹೊತ್ತಿಗೆ ಸೀಟು ಬೇರೆಯವರ ಪಾಲಾಗಿತ್ತು.

"ನನ್ನ ಕೈಯಾರೆ ಅಳಿಸ್ದೆ ಸಾರ್. ಅವ್ರಪ್ಪ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು" ಎಂದು ಲಾವಣ್ಯ ನನಗೆ ಹೇಳುತ್ತಾರೆ.

ಅವತ್ತಿನಿಂದ ಸೆಟಿಂಗ್ ಸಡಿಲ. ಕಸ ಮೊದಲಿಗಿಂತ ಜಾಸ್ತಿ, ಮೋಹನ್‌ಬಾಬು ಅವರ ಬೈಗುಳವೂ ಜಾಸ್ತಿ. ನಿಮ್ಮದೇ ಇಮೇಲ್ ಮಾಡಿಕೊಡ್ತೀನಿ ಬನ್ನಿ ಎಂದು ಲಾವಣ್ಯ ಮನೆಮನೆಗೆ ಹೋಗಿ ಬೇಡಿದ್ದಾಯಿತು. ಹೂಂ ಅಂದವರು ಮಾರನೆಯ ದಿನ ಮತ್ತೆ ಸಂಘದ್ದನ್ನೇ ಕೊಟ್ಟು ಬರುತ್ತಾರೆ. ಇದು ಮುಗಿಯುವ ಕೆಲಸವಲ್ಲ.

ಬಸ್ಸು ಬರುತ್ತದೆ. ಹತ್ತುವವರಲ್ಲಿ ಶಿರೀಷಾ ಇದ್ದಾಳೆ. ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಘಟಕಕ್ಕೆ ಹೋಗುತ್ತಾಳೆ, ದಿನವಿಡೀ ಬಿಸಿನೀರಲ್ಲಿ ಗೂಡು ತಿರುವಿ ಬೆರಳೆಲ್ಲ ಸುಕ್ಕುಗಟ್ಟಿವೆ. ಅವಳಿಗೆಂದೇ ಲಾವಣ್ಯ ಒಂದು ಇಮೇಲ್ ಮಾಡಿಕೊಟ್ಟಿದ್ದಾರೆ. ಮತ್ತೆ ಅರ್ಜಿ ಹಾಕು ಅಂದರೆ, "ಬ್ಯಾಡ ಬಿಡಕ್ಕ" ಅಂದಳಂತೆ.

ಬಸ್ಸು ಮರೆಯಾಗುವವರೆಗೂ ಲಾವಣ್ಯ ಕಂಪ್ಯೂಟರ್ ಕಡೆ ತಿರುಗುವುದಿಲ್ಲ.

"ಈ ಊರಲ್ಲಿ ಒಂದು ಕಸಾನೂ ಬರ್ದೇ ಇರೋ ಇಮೇಲ್ ಅಂದ್ರೆ ಅವಳ್ದೊಂದೇ ಸಾರ್. ಯಾರಿಗೂ ಕೊಟ್ಟೇ ಇಲ್ಲ ಅದನ್ನ. ಒಂದ್ಸಲ ಎಲ್ಲಾದ್ರೂ ಕೊಡ್ಲಿ, ನಂಗಷ್ಟೇ ಸಾಕು."